ರಿಲೇಗೆ ಯಾರು? ರೋಣ ಕಡೆಯ ಒಂದು ಹೈಸ್ಕೂಲು ತಂಡದ ಪ್ರಕರಣ

ಇದು ಗದಗ ಜಿಲ್ಲೆಯ ರೋಣ ಕಡೆಯ ಒಂದು ಸರಕಾರಿ ಹೈಸ್ಕೂಲಿನ ಓಟದ ತಂಡದ ಪ್ರಕರಣ. ಶಾಲೆಯ ಹೆಸರು ಬೇಡ, ಮಕ್ಕಳ ಹೆಸರಂತೂ ಬೇಡವೇ ಬೇಡ. ನಾನು ಅಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಹೆಣ್ಣುಮಕ್ಕಳ ತಂಡ ಹೊರಟರೆ ಜೊತೆಗೆ ಒಬ್ಬ ಶಿಕ್ಷಕಿ ಹೋಗಬೇಕು. ಆ ಕೆಲಸ ನನ್ನ ಪಾಲಿಗೆ ಬಂತು. ಸುಮ್ನೆ ಹೋಗಿ ನೆರಳಲ್ಲಿ ಕೂತು ಬರುವ ಬದಲು ಸ್ಟಾಪ್‌ವಾಚ್ ಹಿಡಿದೆ. ಹಾಗಾಗಿ ಆ ವರ್ಷದ ಲೆಕ್ಕವೆಲ್ಲ ನನ್ನ ಕೈಬರಹದಲ್ಲೇ ಇದೆ.

ಜೂನ್‌ನಲ್ಲಿ ದೈಹಿಕ ಶಿಕ್ಷಕರು ಸ್ಟಾಫ್ ರೂಮಿನಲ್ಲಿ ಒಂದು ಮಾತು ಹೇಳಿದರು. ಎಲ್ಲರೂ ಅವರನ್ನು ಪಿಟಿ ಸರ್ ಅಂತಲೇ ಕರೆಯುತ್ತಿದ್ದೆವು, ಇಲ್ಲೂ ಹಾಗೇ ಕರೆಯುತ್ತೇನೆ. "ಈ ವರ್ಷ ಶೀಲ್ಡಿನ ಲೆಕ್ಕ ಬ್ಯಾಡ. ಹುಡುಗ್ರ ಸ್ವಂತ ಟೈಮಿನ ಲೆಕ್ಕ ಇಡೂಣು. ಯಾರು ಎಷ್ಟು ದುಡದ್ರು, ಎಷ್ಟು ಸುಧಾರಿಸಿದ್ರು, ಅದs ನಮ್ಮ ರಿಸಲ್ಟ್." ಯಾರೂ ಬೇಡ ಅನ್ನಲಿಲ್ಲ. ಜೂನ್ ತಿಂಗಳಲ್ಲಿ ಇಂಥ ಮಾತಿಗೆ ಯಾರ ತಕರಾರೂ ಇರುವುದಿಲ್ಲ. ಆಗಸ್ಟ್‌ನಲ್ಲಿ ಗೆಲ್ಲಿಸಬಲ್ಲ ಹುಡುಗ ಒಂದು ಕಡೆ, ದಿನಾ ಬಂದ ಹುಡುಗ ಇನ್ನೊಂದು ಕಡೆ ನಿಂತಾಗ ತಕರಾರು ಶುರುವಾಯಿತು. ಈ ಬರಹ ಮುಖ್ಯವಾಗಿ ಆ ತಕರಾರಿನ ಬಗ್ಗೆ.

ಮೊದಲು ವ್ಯವಸ್ಥೆ ಸ್ವಲ್ಪ ಹೇಳಬೇಕು. ಹೈಸ್ಕೂಲು ಮಕ್ಕಳು 17 ವರ್ಷದೊಳಗಿನ ವಿಭಾಗದಲ್ಲಿ ಓಡುತ್ತಾರೆ. ವಲಯ, ತಾಲೂಕು, ಜಿಲ್ಲೆ, ಬೆಳಗಾವಿ ವಿಭಾಗ, ರಾಜ್ಯ ಅಂತ ಮೆಟ್ಟಿಲುಗಳಿವೆ. ನಮ್ಮ ತಾಲೂಕಿನಲ್ಲಿ ಮೊದಲ ಸ್ಥಾನಕ್ಕೆ 5, ಎರಡನೆಯದಕ್ಕೆ 3, ಮೂರನೆಯದಕ್ಕೆ 1 ಅಂಕ. ಕೂಡಿಸಿದಾಗ ಜಾಸ್ತಿ ಬಂದ ಶಾಲೆಗೆ ಸಮಗ್ರ ವೀರಾಗ್ರಣಿ. ನಾಲ್ಕನೆಯವರಿಗೆ ಏನೂ ಇಲ್ಲ. ಜೂನ್‌ನಿಂದ ಬೆವರು ಸುರಿಸಿದ ಹುಡುಗ ವಲಯ ಮಟ್ಟದ ನೂರು ಮೀಟರ್‌ನಲ್ಲಿ ನಾಲ್ಕನೆಯವನಾದರೆ ಅವನ ಇಡೀ ವರ್ಷ ಹದಿಮೂರು ಹದಿನಾಲ್ಕು ಸೆಕೆಂಡಿಗೆ ಮುಗಿದುಹೋಯಿತು. ಜುಲೈ ಕೊನೆಗೆ ಅರ್ಧ ತಂಡ ಮೈದಾನ ಬಿಡುವುದು ಯಾಕೆ ಅಂತ ಇದರಲ್ಲೇ ಗೊತ್ತಾಗುತ್ತದೆ.

ಇನ್ನೊಂದು ವಿಷಯವೂ ಇದೆ. ಅದನ್ನು ಪಾಲಕರಿಗೆ ಎಷ್ಟು ಹೇಳಿದರೂ ಸಾಲದು. ಎಂಟನೇ ತರಗತಿಯ 13 ವರ್ಷದ ಹುಡುಗ, ಹತ್ತನೇ ತರಗತಿಯ 16 ವರ್ಷದ ಹುಡುಗ ಒಂದೇ ಗೆರೆಯಲ್ಲಿ ನಿಲ್ಲುತ್ತಾರೆ. ಹುಡುಗರು ಸರ್ರನೆ ಎತ್ತರ ಆಗುವುದು ಸುಮಾರು 14ರ ಆಸುಪಾಸು, ಹುಡುಗಿಯರು ಅದಕ್ಕಿಂತ ಎರಡು ವರ್ಷ ಮೊದಲು. ಒಬ್ಬನಿಗೆ ಅದು ಬೇಗ ಬರುತ್ತದೆ, ಒಬ್ಬನಿಗೆ ತಡ. ಹಾಗಾಗಿ ಈ ವಯಸ್ಸಿನ ಪದಕ ಎಷ್ಟೋ ಸಲ ಯಾರು ಬೇಗ ಬೆಳೆದರು ಅನ್ನುವುದನ್ನಷ್ಟೇ ಹೇಳುತ್ತದೆ. ಅದರಲ್ಲಿ ಹುಡುಗನ ಸಾಧನೆ ಎಷ್ಟು, ಮೀಸೆ ಬೇಗ ಬಂದದ್ದು ಎಷ್ಟು ಅಂತ ಬೇರೆ ಮಾಡುವುದು ಕಷ್ಟ.

ನೆಲದ ವಿಷಯ

ರೋಣ, ನರಗುಂದ ಕಡೆ ಎಲ್ಲಾ ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಹತ್ತಿ, ಕಡಲೆ, ಜೋಳಕ್ಕೆ ಬಂಗಾರದಂಥ ನೆಲ. ಓಡುವವರಿಗೆ ಮಾತ್ರ ಶತ್ರು. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಡುತ್ತದೆ. ಒಂದು ಮಳೆ ಬಿದ್ದರೆ ಅಂಗಾಲಿಗೆ ಮೆತ್ತಿಕೊಂಡು ಪ್ರತಿ ಹೆಜ್ಜೆಗೂ ಕಾಲು ಭಾರವಾಗುತ್ತದೆ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮಗು ಚಕ್ಕಡಿ ಎಳೆಯುವ ಎತ್ತಿನ ಹಾಗೆ ಕಾಣುತ್ತದೆ. ಮುಂಡರಗಿ, ಶಿರಹಟ್ಟಿ ಕಡೆಯ ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಬೆಳಗ್ಗೆ ಮಳೆಯಾದರೆ ಸಂಜೆ ಓಡಬಹುದು. ನಮ್ಮಲ್ಲಿ ಎರಡು ಮೂರು ದಿನ ಕಾಯಬೇಕು. ಶಾಲಾ ಕ್ರೀಡಾಕೂಟಗಳು ಬರುವುದೋ ಸರಿಯಾಗಿ ಜುಲೈ, ಆಗಸ್ಟ್‌ನ ಮಳೆಗಾಲದಲ್ಲಿ.

ಶಾಲೆಯ ಹಿಂದೆ 200 ಮೀಟರಿನ ಒಂದು ಸುತ್ತು ಇತ್ತು. ಸುಣ್ಣ ಹಾಕಿದ ಗೆರೆ ಒಂದು ಮಳೆಗೆ ಕರಗಿಹೋಗುತ್ತಿತ್ತು. ಪಿಟಿ ಸರ್ ಒಂದು ಉಪಾಯ ಮಾಡಿದರು. ಊರಾಚೆ ಕೆರೆಯ ಕಡೆ ಹೋಗುವ ದಾರಿಗೆ ಗರಸು, ಅಂದರೆ ಕಲ್ಲು ಬೆರೆತ ಗಟ್ಟಿ ಮಣ್ಣು, ಹಾಕಿದ್ದರು. ಮಳೆ ಬಂದ ವಾರ ಅಲ್ಲೇ ಅಭ್ಯಾಸ. ನೇರ ದಾರಿ, 120 ಮೀಟರ್ ಸಿಗುತ್ತಿತ್ತು. ತಿರುವು ಓಡುವುದನ್ನು ಕಲಿಯಲು ಆಗುತ್ತಿರಲಿಲ್ಲ, ಆದರೆ ಬ್ಯಾಟನ್ (ರಿಲೇಯಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವ ಕೋಲು) ಕೊಟ್ಟು ತೆಗೆದುಕೊಳ್ಳುವುದಕ್ಕೆ ಅಷ್ಟು ಸಾಕು. ಸರಕಾರ ಕೊಟ್ಟ ಕರಿ ಶೂ ಬಿಚ್ಚಿ ಸಾಲಾಗಿ ಇಟ್ಟು ಬರಿಗಾಲಲ್ಲಿ ಓಡುತ್ತಿದ್ದರು. ಶೂ ಹಾಕಿಕೊಂಡರೆ ಟೈಮ್ ಹೆಚ್ಚಾಗುತ್ತದೆ ಅನ್ನುವುದು ಅವರದೇ ಸಂಶೋಧನೆ. ಅಳೆದು ನೋಡಿದೆ, ನಿಜವೇ ಇತ್ತು.

ಲೆಕ್ಕದ ಪುಸ್ತಕ

ಇನ್ನೂರು ಪುಟದ ಒಂದು ನೋಟ್‌ಬುಕ್. ಒಬ್ಬೊಬ್ಬರಿಗೆ ಎರಡು ಪುಟ. ದಿನಾಂಕ, ದೂರ, ಟೈಮ್, ಆ ದಿನ ಕಲಿತ ಒಂದು ವಿಷಯ. ಈ ಕೊನೆಯ ಕಾಲಮ್ಮನ್ನು ಮಕ್ಕಳೇ ತುಂಬಬೇಕು. ಇನ್ನೊಬ್ಬರ ಟೈಮ್ ಜೊತೆ ಹೋಲಿಸುವ ಪಟ್ಟಿ ಇರಲಿಲ್ಲ. ಇದ್ದಿದ್ದರೆ ಹುಡುಗರು ಅದನ್ನಷ್ಟೇ ನೋಡುತ್ತಿದ್ದರು ಅಂತ ಪಿಟಿ ಸರ್ ವಾದ. ಹುಡುಗರೇನು ಕಡಿಮೆ, ಮೂರನೇ ದಿನಕ್ಕೇ ಒಂದು ಚೀಟಿಯಲ್ಲಿ ಸ್ವಂತ ಪಟ್ಟಿ ಮಾಡಿಕೊಂಡಿದ್ದರು. ಸರ್ ಕಂಡರೂ ಕಾಣದ ಹಾಗೆ ಇದ್ದರು.

ಟೈಮ್ ಬಗ್ಗೆ ಒಂದು ಮಾತು. ಕೈಯಲ್ಲಿ ಒತ್ತುವ ಗಡಿಯಾರ ಯಾವಾಗಲೂ ಸ್ವಲ್ಪ ಕಡಿಮೆ ತೋರಿಸುತ್ತದೆ. ಶಬ್ದ ಕೇಳಿ ಬೆರಳು ಒತ್ತುವಷ್ಟರಲ್ಲಿ ಓಟಗಾರ ಹೊರಟಿರುತ್ತಾನೆ. ನೂರು, ಇನ್ನೂರು ಮೀಟರ್‌ನಲ್ಲಿ ಕೈಯಿಂದ ಅಳೆದ ಟೈಮನ್ನು ವಿದ್ಯುನ್ಮಾನ ಟೈಮಿಗೆ ಹೋಲಿಸಲು 0.24 ಸೆಕೆಂಡು ಸೇರಿಸುತ್ತಾರೆ. ಹಾಗಾಗಿ ಒಂದು ಹತ್ತಾಂಶದ ವ್ಯತ್ಯಾಸಕ್ಕೆ ಕುಣಿಯುವುದರಲ್ಲಿ ಅರ್ಥವಿಲ್ಲ ಅಂತ ಮಕ್ಕಳಿಗೆ ಹೇಳಿದೆ. ಕುಣಿಯುವುದನ್ನು ಅವರು ನಿಲ್ಲಿಸಲಿಲ್ಲ.

ಗೆಲುವಿಗಿಂತ ದುಡಿಮೆಯನ್ನು ಹೊಗಳಬೇಕು ಅನ್ನುವುದಕ್ಕೆ ಆಧಾರ ಇಲ್ಲ ಅಂತಲ್ಲ. 1998ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಶೋಧಕರಾದ ಕ್ಲಾಡಿಯಾ ಮುಲ್ಲರ್, ಕ್ಯಾರಲ್ ಡ್ವೆಕ್ ಐದನೇ ತರಗತಿ ಮಕ್ಕಳಿಗೆ ಒಗಟಿನಂಥ ಲೆಕ್ಕ ಕೊಟ್ಟರು. ಮುಗಿದ ಮೇಲೆ ಕೆಲವರಿಗೆ ನೀನು ಜಾಣ ಎಂದರು, ಕೆಲವರಿಗೆ ನೀನು ಚೆನ್ನಾಗಿ ಕಷ್ಟಪಟ್ಟೆ ಎಂದರು. ಆಮೇಲೆ ಬಿಡಿಸಲಾಗದಷ್ಟು ಕಠಿಣವಾದದ್ದು ಕೊಟ್ಟರು. ಜಾಣ ಎನಿಸಿಕೊಂಡವರು ಬೇಗ ಕೈಚೆಲ್ಲಿದರು, ಮುಂದಿನ ಸುಲಭ ಲೆಕ್ಕದಲ್ಲೂ ಹಿಂದೆ ಬಿದ್ದರು. ಕಷ್ಟಪಟ್ಟೆ ಎನಿಸಿಕೊಂಡವರು ಇನ್ನೂ ಬೇಕು ಅಂದರು. ಮೈದಾನದ ಲೆಕ್ಕ ಬೇಕಾದರೆ 1992ರ ಒಂದು ಅಧ್ಯಯನ ಇದೆ. ಮಕ್ಕಳ ಬೇಸ್‌ಬಾಲ್ ಕೋಚ್‌ಗಳಲ್ಲಿ ಕೆಲವರಿಗೆ ಬೈಗುಳ ಬಿಟ್ಟು ಪ್ರಯತ್ನವನ್ನು ಗುರುತಿಸುವ ತರಬೇತಿ ಕೊಟ್ಟರು. ಮುಂದಿನ ವರ್ಷ ಅವರ ತಂಡಗಳಿಂದ ಆಟ ಬಿಟ್ಟವರು ಶೇಕಡಾ 5. ತರಬೇತಿ ಇಲ್ಲದ ಕೋಚ್‌ಗಳ ತಂಡಗಳಿಂದ ಶೇಕಡಾ 26.

ಆದರೆ ಡ್ವೆಕ್ ಅವರೇ 2015ರಲ್ಲಿ ಎಚ್ಚರಿಸಿದ್ದಾರೆ. ಮಗು ಕಲಿಯದೇ ಇದ್ದಾಗಲೂ "ಪರವಾಗಿಲ್ಲ, ಪ್ರಯತ್ನಪಟ್ಟೆಯಲ್ಲ" ಅಂತ ಬೆನ್ನು ತಟ್ಟುವುದು ತಮ್ಮ ಮಾತಿನ ಅರ್ಥ ಅಲ್ಲ ಅಂತ. ಇದು ಎಷ್ಟು ನಿಜ ಅನ್ನುವುದು ನಮಗೆ ಒಬ್ಬ ಹುಡುಗಿಯಿಂದ ಗೊತ್ತಾಯಿತು.

ಎಂಟುನೂರರ ಹುಡುಗಿ

ಒಂಬತ್ತನೇ ತರಗತಿ, ತೆಳ್ಳಗೆ, ಮಾತು ಕಡಿಮೆ. ಜೂನ್ ಕೊನೆಗೆ ಮೊದಲ ಸಲ 800 ಓಡಿದಾಗ 3 ನಿಮಿಷ 24 ಸೆಕೆಂಡು. ನಮ್ಮ ಸುತ್ತಿನಲ್ಲಿ ಅದು ನಾಲ್ಕು ಸುತ್ತು. ಮೊದಲ ಸುತ್ತು 36, ಎರಡನೆಯದು 52, ಮೂರು ನಾಲ್ಕು ತಲಾ 58. ಅಂದರೆ ಮೊದಲ ಸುತ್ತನ್ನು ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡಿ, ಉಳಿದದ್ದನ್ನು ಹೊಟ್ಟೆ ಹಿಡಿದುಕೊಂಡು ನಡೆದಿದ್ದಳು. ಅವಳ ಪ್ರಯತ್ನಕ್ಕೆ ನೂರಕ್ಕೆ ನೂರು ಕೊಡಬೇಕು. ಇಂಥ ಪ್ರಯತ್ನವನ್ನು ಹೊಗಳಿದರೆ ಮುಂದಿನ ಸಲವೂ 36ರಲ್ಲೇ ಹೊರಡುತ್ತಾಳೆ, ಅಲ್ವಾ?

ಪಿಟಿ ಸರ್ ಅವಳಿಗೆ ಗೆಲ್ಲುವ ಮಾತಾಡಲಿಲ್ಲ, ಕಷ್ಟಪಡು ಅಂತಲೂ ಹೇಳಲಿಲ್ಲ. ಮೊದಲ ಸುತ್ತು 44ಕ್ಕಿಂತ ಬೇಗ ಬಂದರೆ ಅವತ್ತಿನ ಓಟ ರದ್ದು, ಮತ್ತೆ ಮೊದಲಿಂದ. ಅಷ್ಟೇ ನಿಯಮ. ನಿಧಾನ ಓಡುವುದು ಅವಳಿಗೆ ಅವಮಾನದ ಹಾಗೆ ಅನಿಸುತ್ತಿತ್ತು. ಉಳಿದ ಹುಡುಗಿಯರು ಮುಂದೆ ಹೋಗುವಾಗ ಹಿಂದೆ ಉಳಿಯಬೇಕಲ್ಲ. ಎರಡು ವಾರ ಮುಖ ಗಂಟು ಹಾಕಿಕೊಂಡೇ ಓಡಿದಳು. "ಸರ್ರ, ಎಲ್ಲಾರೂ ನಗತಾರ್ರಿ" ಅಂದಳು. "ನಗಲಿ ಬಿಡವಾ, ಮೂರನೇ ಸುತ್ತಿಗೆ ಅವ್ರ ನಗಿ ಎಲ್ಲಿರತೈತಿ ನೋಡು" ಅಂದರು ಸರ್.

ಸುಧಾರಣೆ ಆಯಿತು, ಆದರೆ ಒಂದು ಹಂತಕ್ಕೆ ನಿಂತಿತು. ಮೂರನೇ ಸುತ್ತಿನಲ್ಲಿ ತುಟಿ ಬಿಳಿಚಿಕೊಳ್ಳುತ್ತಿತ್ತು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪೇ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.8. ಈ ವಯಸ್ಸಿನ ಹುಡುಗಿಗೆ 12 ಇರಬೇಕು. ಅವಳೊಬ್ಬಳದೇ ಕಥೆ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59 ಮಂದಿಗೆ ರಕ್ತಹೀನತೆ. ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಶಾಲೆಯಲ್ಲೇ ಕೊಡುತ್ತೇವೆ. ಕೇಳಿದರೆ, ನುಂಗಿದ ಹಾಗೆ ಮಾಡಿ ನಲ್ಲಿಯ ಹತ್ತಿರ ಉಗುಳುತ್ತಿದ್ದಳಂತೆ. ಬೆಳಗ್ಗೆ ಬರೇ ಚಹಾ ಕುಡಿದು ಬಂದ ಹೊಟ್ಟೆಗೆ ಆ ಮಾತ್ರೆ ಬಿದ್ದರೆ ಓಕರಿಕೆ ಬರುತ್ತಿತ್ತು. ಬಿಸಿಯೂಟದ ನಂತರ ನನ್ನ ಎದುರೇ ನುಂಗಬೇಕು ಅಂತ ಮಾಡಿದೆವು. ವೈದ್ಯರು ದಿನಾ ನುಂಗುವ ಇನ್ನೊಂದು ಮಾತ್ರೆಯನ್ನೂ ಬರೆದುಕೊಟ್ಟರು. ಊಟ ಆದ ಕೂಡಲೇ ಚಹಾ ಬೇಡ ಅಂತ ಅವಳ ತಾಯಿಗೆ ಹೇಳಿದೆ. "ಚಾ ಇಲ್ದ ಹೆಂಗ್ರಿ ಟೀಚರ್ರ" ಅಂತ ಅವರು ನನ್ನನ್ನೇ ಕೇಳಿದರು. ಒಂದು ತಾಸು ಬಿಟ್ಟು ಕುಡಿಯಿರಿ ಅಂತ ರಾಜಿ ಆಯಿತು.

ಇಷ್ಟು ದಿನ ಆ ಹುಡುಗಿಗೆ ಎಲ್ಲರೂ ಹೇಳಿದ್ದು "ಇನ್ನೂ ಜೋರ ಓಡವಾ" ಅಂತ. ರಕ್ತವೇ ಇಲ್ಲದ ಮಗುವಿಗೆ ಇನ್ನೂ ಕಷ್ಟಪಡು ಅನ್ನುವುದು ಯಾವ ಮೌಲ್ಯ?

ತಾಲೂಕು ಕೂಟದಲ್ಲಿ ಅವಳು 3 ನಿಮಿಷ 2 ಸೆಕೆಂಡಿಗೆ ಓಡಿದಳು. 44, 46, 47, 45. ಐದನೇ ಸ್ಥಾನ. ಮೊದಲು ಬಂದವಳು 2 ನಿಮಿಷ 41. ಅಂಕ ಸೊನ್ನೆ. ಗೆರೆ ದಾಟಿ ನೇರ ನನ್ನ ಹತ್ತಿರ ಬಂದು ಗಡಿಯಾರ ನೋಡಿದಳು. ಎಷ್ಟನೇ ಸ್ಥಾನ ಅಂತ ಕೇಳಲೇ ಇಲ್ಲ. ನಮ್ಮ ಪುಸ್ತಕ ಕೆಲಸ ಮಾಡಿತು ಅಂತ ಧೈರ್ಯವಾಗಿ ಹೇಳಬಹುದಾದ ಜಾಗ ಇದೊಂದೇ.

ರಿಲೇ

ಈಗ ಗೊಡವೆಯ ವಿಷಯಕ್ಕೆ ಬರೋಣ. ಹುಡುಗರ 4 ಗುಣಿಸು 100 ರಿಲೇ, ಅಂದರೆ ನಾಲ್ವರು ಒಬ್ಬರಾದ ಮೇಲೆ ಒಬ್ಬರು ತಲಾ ನೂರು ಮೀಟರ್ ಓಡುವುದು.

ಹತ್ತನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ನೂರು ಮೀಟರ್ 12.1. ನಮ್ಮ ಶಾಲೆಯಲ್ಲಿ ಅವನ ಹತ್ತಿರ ಬರುವವರು ಇರಲಿಲ್ಲ. ಪಂಚಮಿಯಲ್ಲಿ ಊರ ಹುಡುಗರು ಲಿಂಬಿಹಣ್ಣು ಒಗೆಯುವ ಪಂಥ ಕಟ್ಟುತ್ತಾರಲ್ಲ, ಅದರಲ್ಲೂ ಅವನದೇ ಮೇಲುಗೈ. ಜೂನ್, ಜುಲೈನಲ್ಲಿ ಅಭ್ಯಾಸಕ್ಕೆ ಸರಿಯಾಗಿ ಬಂದ. ಪಂಚಮಿ ಮುಗಿದ ಮೇಲೆ ಕಾಣೆಯಾದ. ವಾರಕ್ಕೆ ಒಂದು ಸಂಜೆ ಬಂದರೆ ಹೆಚ್ಚು. ಬೆಳಗಿನ ಪ್ರಾರ್ಥನೆಗೂ ತಡ. ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಪಿಟಿ ಸರ್ ಅದನ್ನು ಸೊಕ್ಕು ಅಂದುಕೊಂಡರು.

ಅವನ ಜಾಗಕ್ಕೆ ಬಂದವನು ಒಂಬತ್ತನೇ ತರಗತಿಯ ಹುಡುಗ, ನೂರು ಮೀಟರ್ 13.6. ಪಕ್ಕದ ಊರಿನಿಂದ ಸೈಕಲ್ ಮೇಲೆ ಬರುತ್ತಿದ್ದ. ಒಂದು ದಿನ ತಪ್ಪಿಸಿದವನಲ್ಲ. ಉಳಿದ ಮೂವರು 12.9, 13.1, 13.2. ನಾಲ್ಕೂ ಕೂಡಿಸಿದರೆ 52.8.

ರಿಲೇಯಲ್ಲಿ ಈ ಕೂಡಿಸಿದ ಲೆಕ್ಕ ಕೊನೆಯ ಮಾತಲ್ಲ. ಒಂಟಿ ಓಟದಲ್ಲಿ ಪ್ರತಿಯೊಬ್ಬನೂ ನಿಂತಲ್ಲಿಂದ ವೇಗ ಹಿಡಿಯಬೇಕು. ರಿಲೇಯಲ್ಲಿ ಎರಡನೇ, ಮೂರನೇ, ನಾಲ್ಕನೇ ಓಟಗಾರ ಓಡುತ್ತಲೇ ಬ್ಯಾಟನ್ ಹಿಡಿಯುತ್ತಾನೆ. ಬದಲಾವಣೆಗೆ 30 ಮೀಟರ್ ಜಾಗ ಇದೆ. ಅದರೊಳಗೆ ಸರಿಯಾಗಿ ಕೈ ಬದಲಾದರೆ ನಾಲ್ವರ ಒಟ್ಟು ಟೈಮಿಗಿಂತ ಎರಡು ಮೂರು ಸೆಕೆಂಡು ಕಡಿಮೆಯಲ್ಲೇ ಮುಗಿಯುತ್ತದೆ. ತಪ್ಪಿದರೆ ಹಿಂದೆ ತಿರುಗಿ ನೋಡುವುದು, ನಿಲ್ಲುವುದು, ಬ್ಯಾಟನ್ ಬೀಳಿಸುವುದು. 30 ಮೀಟರ್ ದಾಟಿ ಕೊಟ್ಟರೆ ತಂಡವೇ ಔಟ್.

ಪಿಟಿ ಸರ್ ಇದನ್ನು ಕಲಿಸಿದ ರೀತಿ ನೋಡುವಂತಿತ್ತು. ತೆಗೆದುಕೊಳ್ಳುವವನು ತಾನು ನಿಂತ ಜಾಗದಿಂದ ಹಿಂದಕ್ಕೆ ಪಾದಕ್ಕೆ ಪಾದ ಹಚ್ಚಿ ಇಪ್ಪತ್ತು ಎಣಿಸಿ ಒಂದು ಗೆರೆ ಎಳೆಯಬೇಕು. ಬರುವವನ ಕಾಲು ಆ ಗೆರೆ ಮುಟ್ಟಿತೋ, ಇವನು ಹಿಂದೆ ನೋಡದೆ ಪೂರ್ತಿ ವೇಗದಲ್ಲಿ ಹೊರಡಬೇಕು. ಬರುವವನು "ಹಿಡಿ" ಅಂತ ಕೂಗಿದಾಗ ಕೈ ಹಿಂದಕ್ಕೆ. ಮೊದಲಿನವನು ಬಲಗೈ, ಎರಡನೆಯವನು ಎಡಗೈ, ಮತ್ತೆ ಬಲ, ಮತ್ತೆ ಎಡ. ನಡುವೆ ಕೈ ಬದಲಿಸುವ ಹಾಗಿಲ್ಲ. ಗರಸಿನ ದಾರಿಯಲ್ಲಿ ಸಂಜೆಯೆಲ್ಲ ಈ "ಹಿಡಿ, ಹಿಡಿ" ಕೂಗು. ಗೆರೆ ಇಪ್ಪತ್ತು ಪಾದಕ್ಕೆ ಸರಿಹೋಗಲಿಲ್ಲ ಅಂದರೆ ಹತ್ತೊಂಬತ್ತು, ಮತ್ತೆ ಇಪ್ಪತ್ತೊಂದು. ಆ 13.6ರ ಹುಡುಗ ಇದರಲ್ಲಿ ಪಳಗಿಬಿಟ್ಟ. ಅವನ ಕೈ ಹಿಂದೆ ಬಂದರೆ ಅಲುಗಾಡುತ್ತಿರಲಿಲ್ಲ. ಮೊದಲು 53.9 ಇದ್ದ ಈ ನಾಲ್ವರ ತಂಡ ಆಗಸ್ಟ್ ಎರಡನೇ ವಾರಕ್ಕೆ 51.4ಕ್ಕೆ ಬಂತು. ಯಾರ ನೂರು ಮೀಟರೂ ಅಷ್ಟೇನೂ ಸುಧಾರಿಸಿರಲಿಲ್ಲ. ಬಂದ ಲಾಭವೆಲ್ಲ ಕೈ ಬದಲಾವಣೆಯದು.

ಹೆಡ್ ಮಾಸ್ತರು ಮಾತ್ರ ಕೂಡಿಸಿದ ಲೆಕ್ಕವನ್ನೇ ಹಿಡಿದರು. 13.6 ತೆಗೆದು 12.1 ಹಾಕಿದರೆ ಒಂದೂವರೆ ಸೆಕೆಂಡು ಸಿಗುತ್ತದಲ್ಲ ಅಂತ. ಟಿ-ಶರ್ಟ್ ಕೊಡಿಸಿದ್ದ ಒಬ್ಬ ಹಳೆಯ ವಿದ್ಯಾರ್ಥಿ ಮೈದಾನಕ್ಕೇ ಬಂದು ಕೇಳಿದ: "ಗೆಲ್ಲಾಕ ಹೊಂಟೀರೋ, ಹಾಜರಿ ಹಾಕಾಕ ಹೊಂಟೀರೋ ಸರ?" ಪ್ರಶ್ನೆ ಚೆನ್ನಾಗಿತ್ತು. ನನಗೆ ಇವತ್ತಿಗೂ ಅದಕ್ಕೆ ಚುಟುಕಾದ ಉತ್ತರ ಸಿಕ್ಕಿಲ್ಲ.

12.1ರ ಹುಡುಗ ಯಾಕೆ ಬರುತ್ತಿಲ್ಲ ಅನ್ನುವುದು ತಡವಾಗಿ ತಿಳಿಯಿತು. ಅವನ ತಂಗಿ ನನ್ನ ಎಂಟನೇ ತರಗತಿಯಲ್ಲಿದ್ದಳು. ಅವಳೂ ಗೈರು ಆಗುತ್ತಿದ್ದದ್ದಕ್ಕೆ ಮನೆಗೆ ಹೋದೆ. ಅಪ್ಪ ಗೋವಾಕ್ಕೆ ದುಡಿಯಲು ಹೋಗಿದ್ದರು. ಇದ್ದ ಮೂರು ಎಕರೆಯಲ್ಲಿ ಹೆಸರುಕಾಳಿನ ಬೆಳೆ. ಜೂನ್‌ನಲ್ಲಿ ಬಿತ್ತಿದ ಹೆಸರು ಆಗಸ್ಟ್‌ನಲ್ಲಿ ಕೈಗೆ ಬರುತ್ತದೆ. ಕಾಯಿ ಕಪ್ಪಾದ ಮೇಲೆ ಬಿಡಿಸಲು ತಡ ಮಾಡಿ ಮಳೆಗೆ ಸಿಕ್ಕರೆ ಕಾಯೊಳಗೇ ಮೊಳಕೆ ಒಡೆಯುತ್ತದೆ. ವರ್ಷದ ಮೊದಲ ರೊಕ್ಕ ಅದು, ದಸರೆ ದೀಪಾವಳಿ ಎಲ್ಲ ಅದರ ಮೇಲೆ. ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೊಡುವವರು ಯಾರು? ತಾಯಿ, ಮಗ, ಮಗಳು ಬೆಳಕು ಹರಿಯುವ ಮುಂಚೆ ಹೊಲಕ್ಕೆ, ಶಾಲೆ ಬಿಟ್ಟ ಮೇಲೆ ಮತ್ತೆ ಹೊಲಕ್ಕೆ. "ಆಟಕ್ಕ ಹೋಗಬ್ಯಾಡ ಅಂತ ನಾ ಅಂದಿಲ್ರಿ ಟೀಚರ್ರ. ಅಂವಗs ತಿಳೀತೈತಿ" ಅಂದರು ತಾಯಿ.

ಮರುದಿನ ಪಿಟಿ ಸರ್‌ಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಾತಿನಂತೆ ನಡೆದರೆ ಈಗ ಏನು ಮಾಡಬೇಕು? ಬೆಳಗ್ಗೆ ಐದಕ್ಕೆ ಎದ್ದು ಹೆಸರು ಬಿಡಿಸುವ ಹುಡುಗ ನಮ್ಮ ಪುಸ್ತಕದ ಪ್ರಕಾರ ಶ್ರಮಪಡದವನು. ಸೈಕಲ್ ಏರಿ ಮೈದಾನಕ್ಕೆ ಬರುವ ಹುಡುಗ ಶ್ರಮಪಡುವವನು. ನಾವು ಕಂಡದ್ದನ್ನು ಮಾತ್ರ ಬರೆದಿದ್ದೆವು.

ಕೂಟಕ್ಕೆ ಆಗ ಒಂದು ವಾರ ಉಳಿದಿತ್ತು. ಪಿಟಿ ಸರ್ ಎರಡು ಕೆಲಸ ಮಾಡಿದರು. ಮೊದಲನೆಯದು, ಬಿಸಿಯೂಟಕ್ಕೆ ಮುಂಚೆ ಕಾಲು ಗಂಟೆ ಐದೂ ಹುಡುಗರನ್ನು ಬಿಡಿಸಿಕೊಂಡು ಬ್ಯಾಟನ್ ಅಭ್ಯಾಸ. ಹೆಡ್ ಮಾಸ್ತರು ಖುಷಿಯಿಂದ ಒಪ್ಪಿದರು, ಅವರ ಆಸೆ ಬೇರೆ ಇತ್ತು. ವೇಗದ ಹುಡುಗ ಬಂದ. ಆದರೆ ಅವನು ಗೆರೆ ನೋಡಿ ಹೊರಟರೆ ಹಿಂದಿನವನಿಗೆ ಸಿಗುತ್ತಲೇ ಇರಲಿಲ್ಲ. 13.1ರ ಹುಡುಗ ಬ್ಯಾಟನ್ ಚಾಚಿಕೊಂಡು ಅವನ ಬೆನ್ನು ಹತ್ತಿ ಓಡಿ 30 ಮೀಟರ್ ದಾಟಿಬಿಡುತ್ತಿದ್ದ. ಪಾದದ ಲೆಕ್ಕ ಇಪ್ಪತ್ತರಿಂದ ಹದಿನಾಲ್ಕಕ್ಕೆ ಇಳಿಸಿದರು. ಆಗ ವೇಗದ ಹುಡುಗನೇ ಅನುಮಾನಪಟ್ಟು ತಿರುಗಿ ನೋಡತೊಡಗಿದ. ಪೂರ್ತಿ ಓಡಿಸಿದಾಗ ಬಂದ ಟೈಮ್ 52.0. ಕಾಗದದ ಮೇಲೆ ಒಂದೂವರೆ ಸೆಕೆಂಡು ವೇಗದ ತಂಡ, ನೆಲದ ಮೇಲೆ ಆರು ಹತ್ತಾಂಶ ನಿಧಾನ. ಇನ್ನೆರಡು ವಾರ ಸಿಕ್ಕಿದ್ದರೆ 50ರೊಳಗೆ ಬರುತ್ತಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ.

ಎರಡನೆಯದು, ತೀರ್ಮಾನ. ರಿಲೇಗೆ ಹಳೆಯ ನಾಲ್ವರೇ. 100 ಮತ್ತು 200ರ ಒಂಟಿ ಓಟಕ್ಕೆ ವೇಗದ ಹುಡುಗ. ಒಂಟಿ ಓಟದಲ್ಲಿ ಅವನ ಟೈಮೇ ಮಾತಾಡುತ್ತದೆ, ರಿಲೇಯಲ್ಲಿ ಕೂಡಿ ಕಲಿತದ್ದು ಮಾತಾಡುತ್ತದೆ ಅಂದರು. ನೀವೇ ಕೂತು ತೀರ್ಮಾನ ಮಾಡಿ ಅಂತ ಮಕ್ಕಳಿಗೆ ಬಿಡಿ ಅಂತ ಒಬ್ಬ ಸಹೋದ್ಯೋಗಿ ಸಲಹೆ ಕೊಟ್ಟಿದ್ದರು. ಪಿಟಿ ಸರ್ ಒಪ್ಪಲಿಲ್ಲ. ಸರಿಯಾಗೇ ಮಾಡಿದರು ಅಂತ ನನ್ನ ಅಭಿಪ್ರಾಯ. ಹದಿನಾಲ್ಕು ವರ್ಷದ ಹುಡುಗನನ್ನು ಎಲ್ಲರ ಮುಂದೆ ಕೂರಿಸಿ "ನೀನು ಬಿಟ್ಟುಕೊಡ್ತೀಯೇನು?" ಅಂತ ಕೇಳಿದರೆ ಅವನು ಹೌದು ಅನ್ನದೆ ಇನ್ನೇನು ಅಂದಾನು? ಮಕ್ಕಳಿಗೆ ಅಧಿಕಾರ ಕೊಟ್ಟಂತೆ ಕಾಣುತ್ತದೆ, ಆದರೆ ದೊಡ್ಡವರು ಹೊರಬೇಕಾದ ಭಾರ ಮಕ್ಕಳ ತಲೆ ಮೇಲೆ ಬೀಳುತ್ತದೆ.

ಕೂಟದ ದಿನ

ಮಳೆ ಇರಲಿಲ್ಲ, ಮೈದಾನ ಗಟ್ಟಿ ಇತ್ತು. ವೇಗದ ಹುಡುಗ ನೂರು ಮೀಟರ್ ಗೆದ್ದ, ಇನ್ನೂರರಲ್ಲಿ ಎರಡನೆಯವನಾದ. ರಿಲೇ ಮಧ್ಯಾಹ್ನದ ಕೊನೆಗೆ. ನಮ್ಮ ನಾಲ್ವರು ಮೂರೂ ಕೈ ಬದಲಾವಣೆಯನ್ನು ಅಚ್ಚುಕಟ್ಟಾಗಿ ಮಾಡಿದರು. 51.2, ಅವರ ಅತ್ಯುತ್ತಮ ಟೈಮ್. ಬಂದದ್ದು ಮೂರನೇ ಸ್ಥಾನ. ಗೆದ್ದ ಶಾಲೆ 50.3.

ಅಂಕ ಕೂಡಿಸಿದಾಗ ಸಮಗ್ರ ವೀರಾಗ್ರಣಿ ನಾಲ್ಕು ಅಂಕದಲ್ಲಿ ತಪ್ಪಿತ್ತು. ರಿಲೇ ಗೆದ್ದಿದ್ದರೆ ಒಂದರ ಬದಲು ಐದು, ಅಂದರೆ ಸಮ. ಹೆಡ್ ಮಾಸ್ತರು ಈ ಲೆಕ್ಕವನ್ನು ನನಗಿಂತ ಮುಂಚೆ ಮಾಡಿದ್ದರು. ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ವಾಪಸ್ ಬರುವಾಗ ಟೆಂಪೋದಲ್ಲಿ ಮುಂದಿನ ಸೀಟಿನಲ್ಲಿ ಕೂತು ಊರು ಬರುವ ತನಕ ಮೊಬೈಲ್ ನೋಡಿದರು.

ಹಿಂದಿನ ಸೀಟಿನಲ್ಲಿ ವೇಗದ ಹುಡುಗ ಪಿಟಿ ಸರ್‌ಗೆ ನೇರ ಹೇಳಿದ: "ನಾ ಇದ್ದಿದ್ರ ಗೆಲ್ತಿದ್ವಿ ಸರ." 13.6ರ ಹುಡುಗ ಎರಡು ಮಾರು ದೂರದಲ್ಲಿದ್ದ, ಅವನಿಗೂ ಕೇಳಿಸಿತು. "ಇರಬಹುದಪ್ಪಾ. ನೀ ಸುಗ್ಗಿ ಅಂತ ಮೊದಲs ಹೇಳಿದ್ರ ಜುಲೈದಾಗs ನಿನ್ನ ಕಾಲು ಅಳತಿ ಮಾಡ್ತಿದ್ದೆ" ಅಂದರು ಸರ್. ಹುಡುಗ ಕಿಟಕಿ ಕಡೆ ತಿರುಗಿ, "ನೀವು ಕೇಳ್ಲಿಲ್ರಿ" ಅಂದ.

ಕೇಳಿದರೆ ತಲೆ ತಗ್ಗಿಸುತ್ತಿದ್ದ ಹುಡುಗ ಅವನೇ, ನಿಜ. ಆದರೆ ಪ್ರಾರ್ಥನೆಯ ಸಾಲಿನಲ್ಲಿ, ಇಡೀ ಶಾಲೆಯ ಎದುರು "ಯಾಕ ಬರವಲ್ಲಿ?" ಅಂತ ಗದರಿಸಿದ್ದನ್ನು ಕೇಳಿದ್ದು ಅನ್ನಲಾಗುವುದಿಲ್ಲ. ಅಪ್ಪ ಊರಲ್ಲಿಲ್ಲ, ಕೂಲಿಗೆ ರೊಕ್ಕ ಇಲ್ಲ ಅಂತ ಹತ್ತನೇ ತರಗತಿಯ ಹುಡುಗ ಅಲ್ಲಿ ನಿಂತು ಹೇಳುತ್ತಾನೆಯೇ?

ಆಮೇಲೆ

ಜಿಲ್ಲಾ ಕೂಟ ಗದಗಿನ ಕೆ.ಎಚ್. ಪಾಟೀಲ ಕ್ರೀಡಾಂಗಣದಲ್ಲಿ. ವೇಗದ ಹುಡುಗ ನೂರು ಮೀಟರ್ ಫೈನಲ್‌ನಲ್ಲಿ ನಾಲ್ಕನೆಯವನಾದ. ಸ್ಪೈಕ್ಸ್ (ಮೊಳೆ ಇರುವ ಓಟದ ಶೂ) ಹಾಕಿಕೊಂಡವರ ನಡುವೆ ಬರಿಗಾಲಲ್ಲಿ ಓಡಿದ್ದ. ಅಲ್ಲಿಗೆ ನಮ್ಮ ಶಾಲೆಯ ಓಟದ ವರ್ಷ ಮುಗಿಯಿತು.

ಹಾಗಾದರೆ ಲಾಭ ಏನು? ಹಿಂದಿನ ವರ್ಷಗಳಲ್ಲಿ ತಾಲೂಕು ಕೂಟದ ಮರುದಿನದಿಂದ ಮೈದಾನ ಖಾಲಿ ಇರುತ್ತಿತ್ತು ಅಂತ ಪಿಟಿ ಸರ್ ಹೇಳುತ್ತಾರೆ. ಆ ವರ್ಷ ದಸರಾ ರಜೆ ಮುಗಿದ ಮೇಲೂ ಸುಮಾರು ಇಪ್ಪತ್ತು ಮಕ್ಕಳು ಬರುತ್ತಿದ್ದರು. ಬಂದದ್ದು ಟೈಮ್ ಬರೆಸಿಕೊಳ್ಳಲು. ಇದನ್ನು ಪುಸ್ತಕದ ಫಲ ಅಂತ ಹೇಳಬೇಕೋ, ಆ ವರ್ಷ ಬೇಗ ಮಳೆ ನಿಂತು ನೆಲ ಒಣಗಿದ್ದರ ಫಲವೋ ಗೊತ್ತಿಲ್ಲ. ಹಿಂದಿನ ವರ್ಷಗಳ ಲೆಕ್ಕ ಯಾರೂ ಇಟ್ಟಿಲ್ಲ, ಹೋಲಿಸುವುದು ಹೇಗೆ? ವೇಗದ ಹುಡುಗ ಹೆಸರು ಮುಗಿದ ಮೇಲೆ ಬರತೊಡಗಿದ, ಹಿಂಗಾರಿಗೆ ಕಡಲೆ ಬಿತ್ತುವ ಹೊತ್ತಿಗೆ ಮತ್ತೆ ಹದಿನೈದು ದಿನ ಇಲ್ಲ. ಈ ಸಲ ಹೇಳಿ ಹೋದ.

ರಿಲೇ ತೀರ್ಮಾನದ ಬಗ್ಗೆ ನನ್ನ ನಿಲುವು ಇದು. ಆ ಹೊತ್ತಿಗೆ, ಆ ಟೈಮ್‌ಗಳನ್ನು ಮುಂದಿಟ್ಟುಕೊಂಡು ನೋಡಿದರೆ ಅದು ಸರಿಯಾದ ತೀರ್ಮಾನ. 51.4 ಓಡುವ ತಂಡ ಬಿಟ್ಟು 52.0 ಓಡುವ ತಂಡ ಇಳಿಸುವುದಕ್ಕೆ ಕಾರಣವೇ ಇರಲಿಲ್ಲ. ಇದರಲ್ಲಿ ಮೌಲ್ಯದ ಮಾತು ತರುವ ಅಗತ್ಯವೂ ಇರಲಿಲ್ಲ. ಆದರೆ ಪಿಟಿ ಸರ್ ಅದನ್ನು ಮೌಲ್ಯದ ಮಾತಾಗಿಯೇ ಹೇಳಿದರು. "ದಿನಾ ಬಂದವರಿಗೆ ಬೆಲೆ" ಅಂದರು. ಅದರಿಂದ ಹೊಲದಲ್ಲಿ ದುಡಿದ ಹುಡುಗನಿಗೆ ತನ್ನ ದುಡಿಮೆಗೆ ಬೆಲೆ ಇಲ್ಲ ಅಂತ ಕೇಳಿಸಿತು. 13.6ರ ಹುಡುಗನಿಗೂ ನಷ್ಟವೇ. ಕೈ ಬದಲಾವಣೆಯಲ್ಲಿ ಅವನು ತಂಡದಲ್ಲೇ ಎಲ್ಲರಿಗಿಂತ ಮೇಲಿದ್ದ. ಅವನನ್ನು ತೆಗೆದುಕೊಂಡದ್ದು ಆ ಕುಶಲತೆಗೆ. ಊರಲ್ಲಿ ಮಾತ್ರ ಅವನು ಹಾಜರಿಗೆ ಜಾಗ ಗಿಟ್ಟಿಸಿದವನು ಅಂತಾದ.

ಮುಂದಿನ ಜೂನ್‌ನಲ್ಲಿ ಕೆಲವು ಬದಲಾವಣೆ ಆದವು. ರಿಲೇಗೆ ನಾಲ್ವರ ಬದಲು ಆರು ಜನರ ತಂಡ, ಎಲ್ಲರಿಗೂ ಎಲ್ಲ ಜಾಗದ ಅಭ್ಯಾಸ. ಆಗಸ್ಟ್ ತಿಂಗಳು ಪೂರ್ತಿ ಬ್ಯಾಟನ್ ಅಭ್ಯಾಸ ಶಾಲಾ ಅವಧಿಯ ಒಳಗೇ, ಬಿಸಿಯೂಟಕ್ಕೆ ಮುಂಚೆ. ಯಾರಿಗೆ ಯಾವ ತಿಂಗಳು ಹೊಲದ ಕೆಲಸ ಜಾಸ್ತಿ ಅಂತ ಮೊದಲ ವಾರವೇ ಒಬ್ಬೊಬ್ಬರನ್ನೇ ಕರೆದು ಕೇಳುವುದು. ಹೆಣ್ಣುಮಕ್ಕಳಿಗೆಲ್ಲ ಜುಲೈಗೆ ಮುಂಚೆ ರಕ್ತ ಪರೀಕ್ಷೆ. ಹೆಡ್ ಮಾಸ್ತರು ಇದಕ್ಕೆಲ್ಲ ಸಹಿ ಹಾಕಿದರು. ಶೀಲ್ಡ್ ಇಡಲು ಮಾಡಿಸಿದ್ದ ಗಾಜಿನ ಕಪಾಟು ಅವರ ಕೋಣೆಯಲ್ಲಿ ಹಾಗೇ ಇದೆ, ಈಗ ಅದರಲ್ಲಿ ಹಾಜರಿ ಪುಸ್ತಕಗಳಿವೆ.

ಪುಸ್ತಕಕ್ಕೂ ಒಂದು ಕಾಲಮ್ ಸೇರಿತು: ಇವತ್ತು ಮನೆಯಲ್ಲಿ ಮಾಡಿದ ಕೆಲಸ. ಮೊದಲ ವಾರವೇ ಒಬ್ಬ ದಿನಾ "ಎಮ್ಮಿ ಮೈ ತೊಳೆಯೂದು" ಅಂತ ಬರೆದು ಕೊನೆಯ ಸುತ್ತು ತಪ್ಪಿಸಿಕೊಂಡ. ಅವರ ಮನೆಯಲ್ಲಿ ಎಮ್ಮೆಯೇ ಇಲ್ಲ ಅಂತ ಉಳಿದವರು ಶನಿವಾರ ಬಾಯಿ ಬಿಟ್ಟರು. ಪಿಟಿ ಸರ್ ಅವನಿಂದ ಬಾಕಿ ಸುತ್ತುಗಳನ್ನೆಲ್ಲ ಒಂದೇ ಸಂಜೆ ವಸೂಲಿ ಮಾಡಿದರು. ನಾನು ಟೈಮ್ ಬರೆದುಕೊಂಡೆ. ಅಷ್ಟು ಚೆನ್ನಾಗಿ ಅವನು ಯಾವತ್ತೂ ಓಡಿರಲಿಲ್ಲ.